ಕೈಗೊಗ್ಗುವ ಕ್ಯಾಮರಾ: ಜಾರ್ಜ್ ಈಸ್ಟ್‌ಮನ್ನನ ಜೀವನ

ನೊಗವು ಎತ್ತಿನ ಹೆಗಲಿಗೆ ಒಗ್ಗಬೇಕು. ಕುಡುಗೋಲಿನ ಹಿಡಿ ಕೊಯ್ಯುವವನ ಮುಷ್ಟಿಗೆ ಒಗ್ಗಬೇಕು. ಲೇಖನಿಯು ಬರೆಯುವವನ ಬೆರಳಿಗೆ ಒಗ್ಗಬೇಕು. ಉಪಕರಣವು ಎಷ್ಟೇ ಬೆಲೆಬಾಳುವುದಾಗಿರಲಿ, ಕೈಗೆ ಒಗ್ಗದಿದ್ದರೆ ಅದು ಕೆಲವೇ ದಿನಗಳಲ್ಲಿ ಮೂಲೆ ಸೇರುವುದು ನಿಶ್ಚಯ. ಕ್ಯಾಮರಾಕ್ಕೂ ಈ ಮಾತು ಸಲ್ಲುತ್ತದೆ. ಆದರೆ ಕ್ಯಾಮರಾ ಕೊಳ್ಳಹೊರಟವರು ಅಂಗಡಿಯಲ್ಲಿ ಅದರ ಲೆನ್ಸಿನ ಶಕ್ತಿಯನ್ನೂ ಬೆಲೆಯನ್ನೂ ವಿಚಾರಿಸುವಷ್ಟು ಆಸಕ್ತಿಯಿಂದ, ಅದನ್ನು ದಿನವೆಲ್ಲ ಹೊತ್ತು ತಿರುಗುವುದು ಸಾಧ್ಯವೆ, ಅದರ ಗುಂಡಿಗಳು ಬೆರಳಿಗೆ ತಾವಾಗಿ ಸಿಗುತ್ತವೆಯೆ ಎಂದು ವಿಚಾರಿಸುವುದನ್ನು ನಾನು ಕಂಡಿಲ್ಲ. ಈ ಸಣ್ಣ ಪ್ರಶ್ನೆಗೆ ಉತ್ತರವನ್ನು ಹುಡುಕುವುದರಲ್ಲಿಯೇ ತನ್ನ ಬಾಳನ್ನು ಸವೆಸಿದ ಮಹನೀಯನೊಬ್ಬನು ಅಮೆರಿಕದಲ್ಲಿದ್ದನು. ಕೊಡಕ್ ಎಂಬ ಹೆಸರನ್ನು ಕೇಳದವರು ವಿರಳ. ಆ ಹೆಸರನ್ನು ಸೃಷ್ಟಿಸಿದ ಜಾರ್ಜ್ ಈಸ್ಟ್‌ಮನ್ನನ ಜೀವನವನ್ನು ಬಲ್ಲವರು ಮಾತ್ರ ನಮ್ಮಲ್ಲಿ ಹೆಚ್ಚಾಗಿಲ್ಲ. ಆತನ ಕಥೆಯನ್ನು ಸಹಪಾಠಿಗಳ ಮುಂದಿಡುವುದು ನನ್ನ ಈ ಲೇಖನದ ಉದ್ದೇಶ.

ಈಸ್ಟ್‌ಮನ್ನನು ೧೮೫೪ನೆಯ ಇಸವಿ ಜುಲೈ ೧೨ರಂದು ನ್ಯೂಯಾರ್ಕ್ ಸಂಸ್ಥಾನದ ವಾಟರ್‌ವಿಲ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆಯು ರಾಚೆಸ್ಟರ್ ಪಟ್ಟಣದಲ್ಲಿ ಲೆಕ್ಕಪತ್ರ, ವ್ಯಾಪಾರಗಳನ್ನು ಕಲಿಸುವ ಒಂದು ವಿದ್ಯಾಶಾಲೆಯನ್ನು ನಡೆಸುತ್ತಿದ್ದನು. ೧೮೬೦ರಲ್ಲಿ ಸಂಸಾರವೂ ರಾಚೆಸ್ಟರಿಗೆ ಬಂದಿತು. ಎರಡೇ ವರ್ಷಗಳಲ್ಲಿ ತಂದೆ ತೀರಿಕೊಂಡನು. ಆಗ ಹುಡುಗನಿಗೆ ಇನ್ನೂ ಏಳು ವರ್ಷ. ತಾಯಿ ಮರಿಯಾ ಕಿಲ್‌ಬರ್ನ್ ಎದೆಗುಂದದೆ, ಮನೆಯಲ್ಲಿ ಬಾಡಿಗೆಗೆ ಜನರನ್ನಿಟ್ಟುಕೊಂಡು, ಅವರಿಗೆ ಅಡಿಗೆ ಮಾಡಿ ಹಾಕಿ ಮೂವರು ಮಕ್ಕಳನ್ನು ಸಾಕಿದಳು. ಇಬ್ಬರು ಅಕ್ಕಂದಿರಲ್ಲಿ ಒಬ್ಬಳು ಪೋಲಿಯೋ ರೋಗದಿಂದ ಕಾಲುಗಳ ಬಲವನ್ನು ಕಳೆದುಕೊಂಡಿದ್ದಳು. ೧೮೭೦ರಲ್ಲಿ ಅವಳೂ ತೀರಿಹೋದಳು. ತಾಯಿ ಪಡುವ ಪಾಡನ್ನು ನೋಡಲಾರದೆ ಈಸ್ಟ್‌ಮನ್ನನು ಹದಿನಾಲ್ಕನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟು, ಒಂದು ವಿಮಾ ಕಛೇರಿಯಲ್ಲಿ ವಾರಕ್ಕೆ ಮೂರು ಡಾಲರುಗಳ ಸಂಬಳಕ್ಕೆ ಜವಾನನಾಗಿ ಸೇರಿದನು. ರಾತ್ರಿ ಮನೆಯಲ್ಲಿ ಕುಳಿತು ಲೆಕ್ಕ ಬರೆಯುವುದನ್ನು ಕಲಿತನು. ೧೮೭೪ರಲ್ಲಿ ರಾಚೆಸ್ಟರ್ ಸೇವಿಂಗ್ಸ್ ಬ್ಯಾಂಕಿನಲ್ಲಿ ಕಿರಿಯ ಗುಮಾಸ್ತನ ಕೆಲಸ ದೊರೆಯಿತು; ಸಂಬಳ ವಾರಕ್ಕೆ ಹದಿನೈದು ಡಾಲರು. ಬಡ ಸಂಸಾರಕ್ಕೆ ಅದು ದೊಡ್ಡ ನೆಮ್ಮದಿ.

ಈ ಗುಮಾಸ್ತನು ಕ್ಯಾಮರಾದ ಹಾದಿ ಹಿಡಿದುದು ಆಕಸ್ಮಿಕವಾಗಿ. ೧೮೭೭ರಲ್ಲಿ ರಜೆಯಲ್ಲಿ ಸಾಂಟೋ ಡೊಮಿಂಗೋ ಎಂಬಲ್ಲಿಗೆ ಹೋಗಿಬರಬೇಕೆಂದು ಆತನು ಆಲೋಚಿಸಿದ್ದನು. ಪ್ರವಾಸದ ಚಿತ್ರಗಳನ್ನು ತೆಗೆದುಕೊಂಡು ಬರುವುದು ಒಳ್ಳೆಯದೆಂದು ಜೊತೆಯ ಉದ್ಯೋಗಿಯೊಬ್ಬನು ಸೂಚಿಸಿದನು. ಈಸ್ಟ್‌ಮನ್ನನು ಕ್ಯಾಮರಾವನ್ನೂ ಅದರ ಪರಿವಾರವನ್ನೂ ಕೊಂಡನು. ಅದನ್ನು ನಡೆಸುವ ಬಗೆಯನ್ನು ಊರಿನ ಛಾಯಾಗ್ರಾಹಕನೊಬ್ಬನಿಗೆ ಐದು ಡಾಲರು ಕೊಟ್ಟು ಕಲಿತನು. ಪ್ರವಾಸವೇನೋ ನಡೆಯಲಿಲ್ಲ. ಆದರೆ ಆ ಸಾಮಾನುಗಳು ಆತನನ್ನು ಬಿಡಲಿಲ್ಲ.

ಪರಿವಾರವೆಂದು ನಾನು ಬರೆದುದು ವಿನೋದಕ್ಕಲ್ಲ. ಅಂದಿನ ಪದ್ಧತಿಗೆ ಹಸಿಫಲಕದ ಪದ್ಧತಿ ಎಂದು ಹೆಸರು. ಗಾಜಿನ ಹಲಗೆಯ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸಮನಾಗಿ ಹರಡಬೇಕು. ಕತ್ತಲೆಯಲ್ಲಿ ಅದನ್ನು ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಬೇಕು. ಆರುವುದಕ್ಕೆ ಮುಂಚೆಯೇ ಕ್ಯಾಮರಾದೊಳಗಿಟ್ಟು ಚಿತ್ರವನ್ನು ತೆಗೆಯಬೇಕು. ತೆಗೆದ ಕೂಡಲೆ ಮತ್ತೆ ಕತ್ತಲೆಗೆ ಓಡಿ ಅದನ್ನು ತೊಳೆದು ಸ್ಥಿರಗೊಳಿಸಬೇಕು. ಇವೆಲ್ಲವೂ ಕೆಲವು ನಿಮಿಷಗಳೊಳಗೆ ಮುಗಿಯಬೇಕು. ಆದಕಾರಣ ಹೊರಗೆ ಚಿತ್ರ ತೆಗೆಯಹೊರಟವನು ದೊಡ್ಡ ಪೆಟ್ಟಿಗೆಯಂಥ ಕ್ಯಾಮರಾ, ಭಾರವಾದ ಮುಕ್ಕಾಲಿ, ಗಾಜಿನ ಹಲಗೆಗಳು, ಔಷಧಗಳ ಸೀಸೆಗಳು, ನೀರಿನ ಪಾತ್ರೆ, ಇವುಗಳ ಜೊತೆಗೆ ಕತ್ತಲೆಗಾಗಿ ಒಂದು ಡೇರೆಯನ್ನೂ ಹೊತ್ತುಕೊಂಡು ಹೋಗಬೇಕಾಗಿತ್ತು. ಈಸ್ಟ್‌ಮನ್ನನು ಹ್ಯೂರಾನ್ ಸರೋವರದಲ್ಲಿರುವ ಮ್ಯಾಕಿನಾ ದ್ವೀಪಕ್ಕೆ ಹೀಗೆ ಹೋದಾಗ, ಬಟ್ಟೆಗಳ ನಡುವೆ ಸುತ್ತಿಟ್ಟಿದ್ದ ಸಿಲ್ವರ್ ನೈಟ್ರೇಟು ಸೋರಿ ಬಟ್ಟೆಗಳೆಲ್ಲ ಕಲೆಯಾದವು. ಮತ್ತೊಬ್ಬನಾಗಿದ್ದರೆ ಈ ಹವ್ಯಾಸವೇ ಬೇಡವೆಂದು ಕೈಬಿಡುತ್ತಿದ್ದನು. ಇಲ್ಲವೆ, ಕಷ್ಟವಿಲ್ಲದೆ ವಿದ್ಯೆಯಿಲ್ಲವೆಂದು ಸಹಿಸಿಕೊಳ್ಳುತ್ತಿದ್ದನು. ಈಸ್ಟ್‌ಮನ್ನನು ಎರಡನ್ನೂ ಮಾಡಲಿಲ್ಲ. ಇಷ್ಟೊಂದು ಹೊರೆ ನಿಜವಾಗಿಯೂ ಅವಶ್ಯವೇ ಎಂದು ತನ್ನನ್ನು ತಾನೇ ಕೇಳಿಕೊಂಡನು. ಆತನ ಮುಂದಿನ ಜೀವನವೆಲ್ಲ ಈ ಒಂದು ಪ್ರಶ್ನೆಯ ವಿಸ್ತಾರವೆಂದರೆ ಅತಿಶಯೋಕ್ತಿಯಾಗಲಾರದು.

ಇಂಗ್ಲೆಂಡಿನ ಛಾಯಾಗ್ರಹಣ ಪತ್ರಿಕೆಗಳಲ್ಲಿ ಒಣಫಲಕಗಳ ವಿಷಯ ಬರುತ್ತಿತ್ತು. ಗಾಜಿನ ಮೇಲೆ ಜಿಲಾಟಿನಿನ ಲೇಪವನ್ನು ಹಚ್ಚಿ ಒಣಗಿಸಿಟ್ಟರೆ ಅದನ್ನು ಬೇಕಾದಾಗ ಉಪಯೋಗಿಸಬಹುದು. ಡೇರೆಯೂ ಬೇಡ, ಅವಸರವೂ ಬೇಡ. ಈಸ್ಟ್‌ಮನ್ನನು ಹಗಲು ಬ್ಯಾಂಕಿನಲ್ಲಿ ದುಡಿದು, ರಾತ್ರಿ ತಾಯಿಯ ಅಡಿಗೆಮನೆಯಲ್ಲಿ ಈ ಲೇಪವನ್ನು ಕುದಿಸಿ ಪರೀಕ್ಷಿಸಿದನು. ಎಷ್ಟೋ ರಾತ್ರಿ ಬಟ್ಟೆಯನ್ನೂ ಬದಲಾಯಿಸದೆ ಒಲೆಯ ಪಕ್ಕದಲ್ಲಿಯೇ ಕಂಬಳಿ ಹಾಸಿ ಮಲಗಿದನು. ಮೂರು ವರ್ಷಗಳ ಶ್ರಮ ಫಲಿಸಿತು. ಫಲಕಗಳಿಗೆ ಲೇಪ ಹಚ್ಚುವ ಯಂತ್ರವೊಂದನ್ನು ರಚಿಸಿ, ಅದಕ್ಕೆ ೧೮೭೯ರಲ್ಲಿ ಇಂಗ್ಲೆಂಡಿನಲ್ಲಿಯೂ ೧೮೮೦ರಲ್ಲಿ ತನ್ನ ದೇಶದಲ್ಲಿಯೂ ಹಕ್ಕುಪತ್ರವನ್ನು ಪಡೆದನು. ತಾಯಿಯ ಮನೆಯಲ್ಲಿ ಬಾಡಿಗೆಗಿದ್ದ, ಕುದುರೆಗಾಡಿಯ ಚಾವಟಿಗಳನ್ನು ತಯಾರಿಸುತ್ತಿದ್ದ ಹೆನ್ರಿ ಸ್ಟ್ರಾಂಗನು ಬಂಡವಾಳ ಹಾಕಿದನು. ೧೮೮೧ರ ಜನವರಿಯಲ್ಲಿ ಇಬ್ಬರ ಪಾಲುದಾರಿಕೆಯ ಸಂಸ್ಥೆ ಹುಟ್ಟಿತು. ಅದೇ ವರ್ಷ ಈಸ್ಟ್‌ಮನ್ನನು ಬ್ಯಾಂಕಿನ ಕೆಲಸವನ್ನು ಬಿಟ್ಟನು.

ಬಿಟ್ಟ ಕೆಲವೇ ತಿಂಗಳಲ್ಲಿ ವಿಪತ್ತು ಬಂದೊದಗಿತು. ೧೮೮೨ರಲ್ಲಿ, ಅಂಗಡಿಗಳಿಗೆ ಕಳಿಸಿದ್ದ ಫಲಕಗಳು ಕೆಟ್ಟುಹೋಗಿವೆಯೆಂಬ ದೂರುಗಳು ಬರತೊಡಗಿದವು. ಎಷ್ಟು ಪರೀಕ್ಷಿಸಿದರೂ ಕಾರಣ ಹೊಳೆಯಲಿಲ್ಲ. ಆತನು ಮಾರಿದ ಫಲಕಗಳನ್ನು ಹಿಂದಕ್ಕೆ ತೆಗೆದುಕೊಂಡು ಬೇರೆ ಒಳ್ಳೆಯವನ್ನು ಕೊಡಲು ಒಪ್ಪಿಕೊಂಡನು. ಕೂಡಿಟ್ಟ ಹಣ ಬಹುಮಟ್ಟಿಗೆ ಕರಗಿತು, ಹೆಸರು ಉಳಿಯಿತು. ಕೊನೆಗೆ ದೋಷವು ಹೊಸದಾಗಿ ತರಿಸಿದ ಜಿಲಾಟಿನಿನಲ್ಲಿದೆಯೆಂದು ತಿಳಿಯಿತು. ಅದರ ಪೂರ್ಣ ರಹಸ್ಯ ಬಯಲಾದುದು ೧೯೨೫ರ ಹೊತ್ತಿಗೆ, ಆತನ ಸಂಸ್ಥೆಯ ವಿಜ್ಞಾನಿಯಾದ ಶೆಪರ್ಡನಿಂದ. ದನಗಳು ಸಾಸಿವೆಯ ಜಾತಿಯ ಗಿಡಗಳನ್ನು ಮೇದಿದ್ದರೆ ಅವುಗಳ ಚರ್ಮದಿಂದಾದ ಜಿಲಾಟಿನಿನಲ್ಲಿ ಗಂಧಕದ ಅಂಶ ಸೇರಿ, ಲೇಪವು ಬೆಳಕಿಗೆ ಚುರುಕಾಗುತ್ತಿತ್ತು! ಹುಲ್ಲುಗಾವಲಿನ ಗಿಡಕ್ಕೂ ಚಿತ್ರದ ಸೊಬಗಿಗೂ ಇರುವ ಈ ನಂಟನ್ನು ಓದಿ ನನಗೆ ಬಹಳ ಸೋಜಿಗವಾಯಿತು.

ಡೇರೆ ಹೋಯಿತು, ಗಾಜು ಇನ್ನೂ ಉಳಿದಿತ್ತು. ಗಾಜು ಭಾರ, ಒಡೆಯುವ ವಸ್ತು, ಒಂದು ಚಿತ್ರಕ್ಕೆ ಒಂದು ಹಲಗೆ. ಒಣಫಲಕಗಳಿಂದಲೇ ಲಾಭ ಬರುತ್ತಿದ್ದರೂ ಈಸ್ಟ್‌ಮನ್ನನು ಅದಕ್ಕೆ ತೃಪ್ತನಾಗದೆ, ಗಾಜಿನ ಬದಲು ಸುತ್ತಿಡಬಹುದಾದ ಹಾಳೆಗೆ ಲೇಪ ಹಚ್ಚುವ ಉದ್ಯಮಕ್ಕೆ ಕೈಹಾಕಿದನು. ವಿಲಿಯಂ ವಾಕರನೊಡನೆ ಸೇರಿ ಈ ಸುರುಳಿಯನ್ನು ಕ್ಯಾಮರಾದ ಹಿಂದೆ ಕೂಡಿಸುವ ಸಾಧನವನ್ನು ಮಾಡಿದನು. ವೃತ್ತಿನಿರತ ಛಾಯಾಗ್ರಾಹಕರು ಅದನ್ನು ಅಷ್ಟಾಗಿ ಮೆಚ್ಚಲಿಲ್ಲ; ಗಾಜಿನ ಸ್ಪಷ್ಟತೆ ಅದರಲ್ಲಿರಲಿಲ್ಲ. ಬಲ್ಲವರು ಬೇಡವೆಂದಮೇಲೆ ಇದನ್ನು ಬಲ್ಲದವರಿಗೇ ಏಕೆ ಕೊಡಬಾರದೆಂಬ ಆಲೋಚನೆ ಆತನಿಗೆ ಹೊಳೆಯಿತು. ಚಿತ್ರ ತೆಗೆಯುವುದನ್ನು ಎಂದೂ ಕಲಿಯದ ಸಾಮಾನ್ಯ ಜನರೇ ಇನ್ನು ಮೇಲೆ ತನ್ನ ಗಿರಾಕಿಗಳೆಂದು ನಿಶ್ಚಯಿಸಿದನು.

೧೮೮೮ರಲ್ಲಿ ಬಂದ ಕೊಡಕ್ ಕ್ಯಾಮರಾ ಈ ನಿಶ್ಚಯದ ಫಲ. ಆರೂವರೆ ಅಂಗುಲ ಉದ್ದ, ನಾಲ್ಕು ಅಂಗುಲಕ್ಕೂ ಕಡಿಮೆ ಅಗಲದ ಚಿಕ್ಕ ಪೆಟ್ಟಿಗೆ. ಎರಡು ಕೈಗಳಲ್ಲಿ ಹಿತವಾಗಿ ಹಿಡಿಯಬಹುದಾದುದು. ಮುಕ್ಕಾಲಿ ಬೇಡ. ದೂರವನ್ನು ಅಳೆದು ಲೆನ್ಸನ್ನು ಹೊಂದಿಸುವ ಕೆಲಸವಿಲ್ಲ. ದಾರವನ್ನೆಳೆದು ಸಜ್ಜುಗೊಳಿಸುವುದು, ಗುಂಡಿಯನ್ನು ಒತ್ತುವುದು, ಕೀಲಿಯನ್ನು ತಿರುಗಿಸಿ ಸುರುಳಿಯನ್ನು ಮುಂದಕ್ಕೆ ಸರಿಸುವುದು, ಇಷ್ಟೇ ಮೂರು ಕ್ರಿಯೆಗಳು. ಗುರಿ ನೋಡುವ ಗಾಜುಕಿಂಡಿಯೂ ಇರಲಿಲ್ಲ. ಮೇಲ್ಭಾಗದಲ್ಲಿ ಕೊರೆದ ಎರಡು ಓರೆಗೆರೆಗಳ ನೇರದಲ್ಲಿ ವಸ್ತುವಿನ ಕಡೆಗೆ ತಿರುಗಿಸಿದರಾಯಿತು. ಚಿತ್ರವು ಎರಡೂವರೆ ಅಂಗುಲ ವ್ಯಾಸದ ವೃತ್ತಾಕಾರವಾಗಿ ಮೂಡುತ್ತಿತ್ತು. ಅಂಚುಗಳಲ್ಲಿ ಲೆನ್ಸಿನ ಮಸುಕು ಕಾಣದಿರುವುದಕ್ಕೂ, ಪೆಟ್ಟಿಗೆಯನ್ನು ತುಸು ಓರೆಯಾಗಿ ಹಿಡಿದರೂ ಚಿತ್ರ ಕೆಡದಿರುವುದಕ್ಕೂ ಈ ದುಂಡು ಆಕಾರ ಅನುಕೂಲವಾಗಿತ್ತು. ಕಲಿಯದವನ ಕೈ ಎಲ್ಲಿ ತಪ್ಪಬಹುದೆಂಬುದನ್ನು ಮೊದಲೇ ಊಹಿಸಿ, ಆ ತಪ್ಪಿಗೆ ಎಡೆಯಿಲ್ಲದಂತೆ ಮಾಡುವ ಇಂಥ ಜಾಣ್ಮೆಯನ್ನು ನಾನು ನಿಜವಾದ ಸೌಜನ್ಯವೆಂದು ಕರೆಯುತ್ತೇನೆ.

ಇದರ ಬೆಲೆ ಇಪ್ಪತ್ತೈದು ಡಾಲರು. ಒಳಗೆ ನೂರು ಚಿತ್ರಗಳಿಗೆ ಸಾಲುವ ಸುರುಳಿ ಇರುತ್ತಿತ್ತು. ನೂರೂ ಮುಗಿದಮೇಲೆ ಹತ್ತು ಡಾಲರುಗಳ ಸಹಿತ ಕ್ಯಾಮರಾವನ್ನೇ ರಾಚೆಸ್ಟರಿಗೆ ಕಳಿಸಬೇಕು. ಕಾರ್ಖಾನೆಯವರು ಚಿತ್ರಗಳನ್ನು ಮುದ್ರಿಸಿ, ಹೊಸ ಸುರುಳಿಯನ್ನು ತುಂಬಿ ಹಿಂದಕ್ಕೆ ಕಳಿಸುತ್ತಿದ್ದರು. ಗುಂಡಿ ಒತ್ತುವುದಷ್ಟೇ ಗಿರಾಕಿಯ ಕೆಲಸ, ಉಳಿದುದೆಲ್ಲ ಸಂಸ್ಥೆಯದು ಎಂಬುದು ಈಸ್ಟ್‌ಮನ್ನನ ಜಾಹೀರಾತಿನ ತಾತ್ಪರ್ಯ. ಕೊಡಕ್ ಎಂಬ ಹೆಸರಿಗೆ ಯಾವ ಭಾಷೆಯಲ್ಲಿಯೂ ಅರ್ಥವಿಲ್ಲ. ಚಿಕ್ಕದಾಗಿರಬೇಕು, ಯಾರೂ ತಪ್ಪಾಗಿ ಉಚ್ಚರಿಸಬಾರದು ಎಂಬುದಷ್ಟೇ ಆತನ ಬಯಕೆ. ತಾಯಿಯ ತವರಿನ ಹೆಸರಾದ ಕಿಲ್‌ಬರ್ನಿನ ಮೊದಲಕ್ಷರವೇ ಕೊಡಕ್ಕಿನ ಮೊದಲಿಗೂ ಕೊನೆಗೂ ನಿಂತಿದೆ. ಕ್ಯಾಮರಾದಂತೆ ಹೆಸರೂ ಬಾಯಿಗೆ ಸುಲಭವಾಗಿರಲೆಂದು ಬಗೆದವನು ಆತ.

ಮರುವರ್ಷವೇ ಹೆನ್ರಿ ರೈಖನ್‌ಬಾಖ್ ಎಂಬ ರಸಾಯನಶಾಸ್ತ್ರಜ್ಞನ ಸಹಾಯದಿಂದ ಕಾಗದದ ಸುರುಳಿಯ ಸ್ಥಾನದಲ್ಲಿ ಪಾರದರ್ಶಕವಾದ ಫಿಲ್ಮು ಬಂದಿತು. ಚಲಚ್ಚಿತ್ರಕ್ಕಾಗಿ ಶ್ರಮಿಸುತ್ತಿದ್ದ ಎಡಿಸನ್ನನ ಪ್ರಯೋಗಶಾಲೆಗೂ ಇದೇ ಫಿಲ್ಮು ನೆರವಾಯಿತು. ೧೮೯೫ರಲ್ಲಿ ಐದು ಡಾಲರುಗಳ ಜೇಬಿನ ಕೊಡಕ್ ಹೊರಬಿದ್ದಿತು. ೧೯೦೦ರಲ್ಲಿ, ಫ್ರಾಂಕ್ ಬ್ರೌನೆಲ್ಲನು ರಚಿಸಿದ ಬ್ರೌನಿ ಎಂಬ ರಟ್ಟಿನ ಪೆಟ್ಟಿಗೆ ಬಂದಿತು. ಅದರ ಬೆಲೆ ಕೇವಲ ಒಂದು ಡಾಲರು, ಫಿಲ್ಮಿಗೆ ಹದಿನೈದು ಸೆಂಟು. ಮಕ್ಕಳನ್ನು ಉದ್ದೇಶಿಸಿ ಮಾಡಿದ ಈ ಕ್ಯಾಮರಾ ಮೊದಲ ವರ್ಷದಲ್ಲಿಯೇ ಒಂದೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಗುಮಾಸ್ತನಾಗಿದ್ದಾಗಿನ ಈಸ್ಟ್‌ಮನ್ನನಿಗೆ ೧೮೮೮ರ ಕೊಡಕ್ಕನ್ನು ಕೊಳ್ಳಲು ಒಂದೂವರೆ ವಾರಕ್ಕೂ ಮೀರಿದ ಸಂಬಳ ಬೇಕಾಗುತ್ತಿತ್ತು. ಬ್ರೌನಿಯನ್ನಾದರೋ ಮೂರು ಡಾಲರುಗಳ ಜವಾನ ಹುಡುಗನೂ ಕೊಳ್ಳಬಹುದಾಗಿತ್ತು.

ಇದರ ಮಹತ್ವವನ್ನು ನಾವು ಕಲಾವಿಭಾಗದ ವಿದ್ಯಾರ್ಥಿಗಳು ಗಮನಿಸಬೇಕು. ಅದುವರೆಗೆ ತನ್ನ ಮುಖದ ನೆನಪನ್ನು ಉಳಿಸಿಕೊಳ್ಳುವುದು ಅರಸರ, ಸಿರಿವಂತರ ಹಕ್ಕಿನಂತಿತ್ತು. ಬಡವನು ಚಿತ್ರಶಾಲೆಗೆ ಹೋದರೂ ಬಾಳಿಗೊಮ್ಮೆ ಹೋದಾನು; ಅಲ್ಲಿ ಮುಖ ಬಿಗಿದು, ಎರವಲು ಪರದೆಯ ಮುಂದೆ ನಿಂತಾನು. ಹಗುರವಾದ ಕ್ಯಾಮರಾ ಮನೆಯೊಳಕ್ಕೆ ಬಂದಮೇಲೆ ತೊಟ್ಟಿಲ ಕೂಸು, ಅಂಗಳದ ಅಜ್ಜಿ, ಹಬ್ಬದ ದಿನದ ನಗು ಇವೆಲ್ಲ ಚಿತ್ರಗಳಾದವು. ಸಾಮಾನ್ಯರ ಚರಿತ್ರೆಯನ್ನು ಸಾಮಾನ್ಯರೇ ಬರೆದಿಡತೊಡಗಿದರು.

ಆದರೆ ಗುಣದ ಜೊತೆಗೆ ದೋಷವನ್ನೂ ಹೇಳದಿದ್ದರೆ ಚರಿತ್ರೆಯು ಸ್ತೋತ್ರವಾದೀತು. ಸುಲಭವಾದ ಕ್ಯಾಮರಾದಿಂದ, ಅನುಮತಿಯಿಲ್ಲದೆ ಪರರ ಚಿತ್ರ ತೆಗೆಯುವುದೂ ಸುಲಭವಾಯಿತು. ೧೮೯೦ರಲ್ಲಿ ವಾರೆನ್ ಮತ್ತು ಬ್ರಾಂಡೈಸ್ ಎಂಬ ನ್ಯಾಯವಾದಿಗಳು ಮನುಷ್ಯನ ಖಾಸಗಿ ಬಾಳಿನ ಹಕ್ಕನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧದಲ್ಲಿ, ಕ್ಷಣಮಾತ್ರದಲ್ಲಿ ತೆಗೆಯುವ ಛಾಯಾಚಿತ್ರಗಳ ಹಾವಳಿಯೂ ಒಂದು ಕಾರಣವಾಗಿ ಬಂದಿದೆ. ಈಸ್ಟ್‌ಮನ್ನನ ವ್ಯಾಪಾರವೂ ಕಲಂಕರಹಿತವಲ್ಲ. ಪಾರದರ್ಶಕ ಫಿಲ್ಮಿಗೆ ಹ್ಯಾನಿಬಲ್ ಗುಡ್‌ವಿನ್ ಎಂಬ ಪಾದ್ರಿಯು ೧೮೮೭ರಲ್ಲಿಯೇ ಹಕ್ಕು ಕೋರಿದ್ದನು; ಅದು ದೊರೆತದ್ದು ೧೮೯೮ರಲ್ಲಿ. ಆತನು ಸತ್ತು ಎಷ್ಟೋ ವರ್ಷಗಳಾದಮೇಲೆ, ೧೯೧೪ರಲ್ಲಿ, ಆ ಹಕ್ಕನ್ನು ಪಡೆದಿದ್ದವರಿಗೆ ಈಸ್ಟ್‌ಮನ್ನನ ಸಂಸ್ಥೆಯು ಐವತ್ತು ಲಕ್ಷ ಡಾಲರುಗಳನ್ನು ಕೊಡಬೇಕಾಯಿತು. ೧೯೧೫ರಲ್ಲಿ ನ್ಯಾಯಾಲಯವು ಸಂಸ್ಥೆಯ ಏಕಸ್ವಾಮ್ಯವು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಜನರ ಹೊರೆಯನ್ನು ತಾನೊಬ್ಬನೇ ಹೊರುತ್ತೇನೆನ್ನುವವನು ಕ್ರಮೇಣ ಜನರ ದಾರಿಯನ್ನೂ ಹಿಡಿದು ನಿಲ್ಲುವ ಸಂಭವವುಂಟೆಂಬುದು ಇಲ್ಲಿ ತಿಳಿಯಬೇಕಾದ ಪಾಠ.

ಗಳಿಸಿದುದನ್ನು ಕೊಡುವುದರಲ್ಲಿ ಮಾತ್ರ ಆತನ ಕೈ ದೊಡ್ಡದು. ೧೯೧೨ರಿಂದ ಕೆಲಸಗಾರರಿಗೆ ಸಂಬಳದ ಮೇಲೆ ಲಾಭದ ಪಾಲನ್ನು ಹಂಚುವ ಏರ್ಪಾಡನ್ನು ಮಾಡಿದನು. ಮ್ಯಾಸಚೂಸೆಟ್ಸಿನ ತಾಂತ್ರಿಕ ವಿದ್ಯಾಲಯಕ್ಕೆ ಸ್ಮಿತ್ ಎಂಬ ಸುಳ್ಳು ಹೆಸರಿನಿಂದ ದಾನ ಮಾಡಿದನು. ದಾನಿ ಯಾರೆಂಬುದು ಬಹಿರಂಗವಾದುದು ೧೯೨೦ರಲ್ಲಿ. ಆ ವಿದ್ಯಾಲಯಕ್ಕೆ ಒಟ್ಟು ಸುಮಾರು ಎರಡು ಕೋಟಿ ಡಾಲರುಗಳು ಸಂದವು. ರಾಚೆಸ್ಟರಿನಲ್ಲಿ ಸಂಗೀತಶಾಲೆಯನ್ನೂ, ರಾಚೆಸ್ಟರಿನ ಜೊತೆಗೆ ಲಂಡನ್, ಪ್ಯಾರಿಸ್, ರೋಮ್ ಮೊದಲಾದ ನಗರಗಳಲ್ಲಿ ಮಕ್ಕಳ ಹಲ್ಲಿನ ಚಿಕಿತ್ಸಾಲಯಗಳನ್ನೂ ಸ್ಥಾಪಿಸಿದನು. ನೀಗ್ರೋ ಜನಾಂಗದವರೆಂದು ಅಂದು ಕರೆಯಲ್ಪಡುತ್ತಿದ್ದ ಕಪ್ಪು ಅಮೆರಿಕನ್ನರ ವಿದ್ಯಾಸಂಸ್ಥೆಗಳಾದ ಟಸ್ಕೀಗೀ, ಹ್ಯಾಂಪ್ಟನ್‌ಗಳಿಗೂ ಧಾರಾಳವಾಗಿ ಕೊಟ್ಟನು. ತಾನು ಮಾತ್ರ ಸಂಕೋಚಪ್ರವೃತ್ತಿಯವನು. ಲಕ್ಷಾಂತರ ಜನರ ಮುಖಗಳನ್ನು ಚಿತ್ರಕ್ಕೆ ತಂದವನ ಮುಖವನ್ನು ಊರಿನವರಲ್ಲಿ ಹಲವರು ಗುರುತಿಸುತ್ತಿರಲಿಲ್ಲವಂತೆ. ಮದುವೆಯಾಗಲಿಲ್ಲ. ೧೯೦೭ರಲ್ಲಿ ತಾಯಿ ತೀರಿಕೊಂಡಾಗ ದಿನವೆಲ್ಲ ಅತ್ತನು. ಇಳಿವಯಸ್ಸಿನಲ್ಲಿ ಬೆನ್ನೆಲುಬಿನ ರೋಗದಿಂದ ನಿಲ್ಲುವುದೂ ನಡೆಯುವುದೂ ಕಷ್ಟವಾಯಿತು. ೧೯೩೨ರ ಮಾರ್ಚ್ ೧೪ರಂದು, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ತನ್ನ ಕೈಯಿಂದಲೇ ಪ್ರಾಣವನ್ನು ಕಳೆದುಕೊಂಡನು. ಲೋಕದ ಹೊರೆಯನ್ನಿಳಿಸಿದವನ ನೋವಿನ ಹೊರೆಯನ್ನು ಹಂಚಿಕೊಳ್ಳಲು ಹೆಂಡತಿ ಮಕ್ಕಳೆಂಬುವರು ಇರಲಿಲ್ಲವೆಂದು ನೆನೆದಾಗ ಮನಸ್ಸು ಮರುಗುತ್ತದೆ.

ಆತನ ಸಂಸ್ಥೆಯ ಮುಂದಿನ ಗತಿಯೂ ಬೋಧಪ್ರದವಾದುದು. ೧೯೭೫ರಲ್ಲಿ ಕೊಡಕ್ ಸಂಸ್ಥೆಯಲ್ಲಿಯೇ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರನು ಫಿಲ್ಮೇ ಬೇಡದ ಡಿಜಿಟಲ್ ಕ್ಯಾಮರಾವನ್ನು ರಚಿಸಿದನು. ಅದರ ತೂಕ ಸುಮಾರು ಎಂಟು ಪೌಂಡು. ಒಂದು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಲು ೨೩ ಸೆಕೆಂಡು ಬೇಕಾಗುತ್ತಿತ್ತು. ಲಾಭ ತರುತ್ತಿದ್ದ ಗಾಜನ್ನು ಬಿಟ್ಟು ಫಿಲ್ಮನ್ನು ಹಿಡಿಯುವ ಧೈರ್ಯ ಈಸ್ಟ್‌ಮನ್ನನಿಗಿತ್ತು. ಲಾಭ ತರುತ್ತಿದ್ದ ಫಿಲ್ಮನ್ನು ಸಕಾಲದಲ್ಲಿ ಬಿಡುವ ಧೈರ್ಯ ಅವನ ಉತ್ತರಾಧಿಕಾರಿಗಳಿಗೆ ಸಾಲದಾಯಿತು. ೨೦೧೨ರ ಜನವರಿಯಲ್ಲಿ ಸಂಸ್ಥೆಯು ದಿವಾಳಿ ಕಾನೂನಿನ ಆಶ್ರಯವನ್ನು ಬೇಡಿತು. ಮರುವರ್ಷ ಮೊದಲಿಗಿಂತ ಬಹಳ ಚಿಕ್ಕದಾಗಿ ಹೊರಬಂದಿತು.

ಇಷ್ಟನ್ನು ತಿಳಿದ ನಮಗೆ, ಕ್ಯಾಮರಾವನ್ನು ಆರಿಸುವಾಗ ಈ ಜೀವನದಿಂದ ದೊರೆಯುವ ಬುದ್ಧಿಯೇನು? ಕಳೆದ ವರ್ಷ ನಮ್ಮ ವಿಭಾಗದವರು ಬೇಲೂರು ಹಳೇಬೀಡುಗಳಿಗೆ ಪ್ರವಾಸ ಹೋಗಿದ್ದೆವು. ಮಿತ್ರನೊಬ್ಬನು ತನ್ನ ಅಣ್ಣನಿಂದ ಕೇಳಿ ತಂದಿದ್ದ ದೊಡ್ಡ ಕ್ಯಾಮರಾ ಬೇಲೂರಿನಲ್ಲಿ ಅರ್ಧ ದಿನ ಅವನ ಕೊರಳಲ್ಲಿದ್ದು, ಹಳೇಬೀಡಿನ ಹೊತ್ತಿಗೆ ಬಸ್ಸಿನ ಸೀಟಿನ ಮೇಲೆ ವಿಶ್ರಮಿಸುತ್ತಿತ್ತು. ಸಹಪಾಠಿನಿಯೊಬ್ಬಳು ತಂದಿದ್ದ ಅಂಗೈಯಗಲದ ಕ್ಯಾಮರಾ ಸಂಜೆಯವರೆಗೂ ಅವಳ ಕೈಬಿಡಲಿಲ್ಲ. ಮರಳಿದಮೇಲೆ ವಿಭಾಗದ ಫಲಕದಲ್ಲಿ ಹಚ್ಚಿದ ಚಿತ್ರಗಳಲ್ಲಿ ಒಂದನ್ನುಳಿದು ಮಿಕ್ಕವೆಲ್ಲ ಅವಳವು. ಉಳಿದ ಆ ಒಂದು, ದೊಡ್ಡ ಕ್ಯಾಮರಾದಲ್ಲಿ ತೆಗೆದ ಮದನಿಕೆಯ ಚಿತ್ರ, ಎಲ್ಲಕ್ಕಿಂತ ಸೊಗಸಾಗಿತ್ತೆಂಬುದನ್ನೂ ನ್ಯಾಯವಾಗಿ ಹೇಳಬೇಕು. ದೊಡ್ಡದು ಕೆಟ್ಟದ್ದಲ್ಲ, ಹೊರುವ ಮನಸ್ಸಿಲ್ಲದವನಿಗೆ ಅದು ಇದ್ದೂ ಇಲ್ಲದಂತೆ.

ಆದ್ದರಿಂದ ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ಅದನ್ನು ಹತ್ತು ನಿಮಿಷ ಹಿಡಿದು ನಿಲ್ಲಬೇಕು. ತೋರುಬೆರಳು ಹುಡುಕಾಡದೆ ಗುಂಡಿಯನ್ನು ಮುಟ್ಟುತ್ತದೆಯೆ? ಹಿಡಿ ಸಣ್ಣ ಕೈಗೆ ತೀರ ದಪ್ಪವಾಗಿ, ದೊಡ್ಡ ಕೈಗೆ ತೀರ ಇಕ್ಕಟ್ಟಾಗಿ ಇಲ್ಲವಷ್ಟೆ? ಕನ್ನಡಕ ಹಾಕಿಕೊಂಡವರಿಗೆ ಚೌಕಟ್ಟು ಪೂರ್ತಿ ಕಾಣುತ್ತದೆಯೆ? ಬಿಸಿಲಿನಲ್ಲಿ ಪರದೆ ಓದಲು ಬರುತ್ತದೆಯೆ? ಕಂಡ ದೃಶ್ಯಕ್ಕೂ ತೆಗೆದ ಚಿತ್ರಕ್ಕೂ ನಡುವೆ ಎಷ್ಟು ಕ್ರಿಯೆಗಳಿವೆ? ೧೮೮೮ರಲ್ಲಿಯೇ ಅವು ಮೂರಕ್ಕೆ ಇಳಿದಿದ್ದವೆಂಬುದು ನೆನಪಿರಲಿ. ಜೇಬಿನ ಮೊಬೈಲ್ ಫೋನೇ ಈ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಬೇರೊಂದಕ್ಕೆ ಹಣ ಸುರಿಯುವುದು ಅನಾವಶ್ಯಕ. ದೂರದ ಹಕ್ಕಿಯನ್ನೋ ಮಬ್ಬುಬೆಳಕಿನ ರಂಗಸ್ಥಳವನ್ನೋ ತೆಗೆಯುವ ಹಂಬಲವಿದ್ದರೆ ಮಾತ್ರ ಅಷ್ಟರ ಭಾರವನ್ನು ಸಂತೋಷದಿಂದ ಹೊರಬೇಕು.

ಈಸ್ಟ್‌ಮನ್ನನು ಡೇರೆಯನ್ನು ಕಳೆದನು, ಗಾಜನ್ನು ಕಳೆದನು, ಮುಕ್ಕಾಲಿಯನ್ನು ಕಳೆದನು. ಕಳೆಯಲಾಗದೆ ಉಳಿದದ್ದು ಎರಡೇ: ನೋಡುವ ಕಣ್ಣು ಮತ್ತು ಪರರ ಮನಸ್ಸನ್ನು ಅರಿಯುವ ಸಂಸ್ಕಾರ. ಇವುಗಳನ್ನು ಯಾವ ಕಾರ್ಖಾನೆಯೂ ನಮಗಾಗಿ ಮಾಡಿಕೊಡಲಾರದು. ಕೈ ಹಗುರವಾದಷ್ಟೂ ಈ ಹೊಣೆ ಭಾರವಾಗುತ್ತದೆಂಬುದನ್ನು ಅರಿತು ಕ್ಯಾಮರಾವನ್ನು ಹಿಡಿಯುವುದೇ ಆ ಮಹನೀಯನಿಗೆ ನಾವು ಸಲ್ಲಿಸುವ ಗೌರವ.